ಕರಾರಿನ ಕಟ್ಟು

ರುಜು ಮಾಡಿದವನು ತನ್ನ ಮಾತಿಗೆ ಕಟ್ಟುಬೀಳತಕ್ಕದ್ದೆಂಬುದು ಲೋಕದಲ್ಲಿ ರೂಢವಾದ ನೀತಿ. ಈ ನೀತಿಯಿಲ್ಲದಿದ್ದರೆ ಸಾಲ ಕೊಡುವವರಿಲ್ಲ, ಮನೆ ಕಟ್ಟಿಸುವವರಿಲ್ಲ, ಕೂಲಿಗೆ ಬರುವವರೂ ಇಲ್ಲ. ಆದರೆ ಷರತ್ತಿಗೆ ಬಲ ಬರುವುದು ರುಜುವಿನಿಂದಲೋ, ರುಜುವಿನ ಹಿಂದಿರುವ ಒಪ್ಪಿಗೆಯಿಂದಲೋ ಎಂದು ವಿಚಾರಿಸುವವರು ವಿರಳ. ಉದ್ಯೋಗದ ಕರಾರಿನಲ್ಲಿ ಈ ಪ್ರಶ್ನೆಯು ಮನುಷ್ಯನ ಅನ್ನಕ್ಕೆ ಸಂಬಂಧಪಟ್ಟುದಾದಕಾರಣ ಅದನ್ನು ಬದಿಗಿರಿಸುವಂತಿಲ್ಲ.

ಪ್ರಾಚೀನ ರೋಮಿನಲ್ಲಿ ಷರತ್ತೆಂಬುದು ಪ್ರಶ್ನೋತ್ತರದ ರೂಪದಲ್ಲಿತ್ತು. “ಮಾತು ಕೊಡುವೆಯಾ?” ಎಂದು ಒಬ್ಬನು ಕೇಳಬೇಕು, “ಕೊಡುವೆನು” ಎಂದು ಇನ್ನೊಬ್ಬನು ಎದುರಿನಲ್ಲಿಯೇ ಉತ್ತರಿಸಬೇಕು. ಪ್ರಶ್ನೆಗೂ ಉತ್ತರಕ್ಕೂ ಹೊಂದಿಕೆಯಿಲ್ಲದಿದ್ದರೆ ಕಟ್ಟೂ ಇಲ್ಲ. ಕನ್ನಡದ ‘ಒಡಂಬಡಿಕೆ’ ಎಂಬ ಶಬ್ದವೂ ಒಪ್ಪುವುದನ್ನು ಹೇಳುತ್ತದೆಯೇ ಹೊರತು ಬರೆಯುವುದನ್ನಲ್ಲ. 1872ರ ಭಾರತೀಯ ಕರಾರು ಕಾಯಿದೆಯು ಸ್ವತಂತ್ರ ಸಮ್ಮತಿಯನ್ನೇ ಕರಾರಿನ ಅಡಿಗಲ್ಲಾಗಿ ಇಟ್ಟಿತು. ಬಲಾತ್ಕಾರ, ಅನುಚಿತ ಪ್ರಭಾವ, ವಂಚನೆಗಳಿಂದ ಪಡೆದ ಸಮ್ಮತಿಯು ಸ್ವತಂತ್ರವಲ್ಲವೆಂದು ಸಾರಿತು. ಹಸಿವಿನ ಹೆಸರು ಮಾತ್ರ ಆ ಪಟ್ಟಿಯಲ್ಲಿಲ್ಲ.

ಬೆಂಗಳೂರಿನ ಬಿನ್ನಿಪೇಟೆಗೆ ಹೆಸರು ತಂದ ಗಿರಣಿಯು 1884ರಲ್ಲಿ ಸ್ಥಾಪಿತವಾಯಿತು. ಉಣ್ಣೆ, ಹತ್ತಿ, ರೇಷ್ಮೆಗಳ ಆ ದೊಡ್ಡ ಗಿರಣಿಯ ಬಾಗಿಲಿಗೆ ಕೆಲಸ ಬೇಡಿ ಬಂದವನೊಬ್ಬನನ್ನು ಊಹಿಸಿಕೊಳ್ಳಬಹುದು. ಅವನು ಯಾವ ಷರತ್ತನ್ನು ಕೇಳಬಲ್ಲನು? ಯಾವುದನ್ನು ಬೇಡವೆನ್ನಬಲ್ಲನು? ಪ್ರಶ್ನೆಯೂ ಯಜಮಾನನದೇ, ಉತ್ತರವೂ ಯಜಮಾನನದೇ. ಹೆಬ್ಬೆಟ್ಟು ಮಾತ್ರ ಕೂಲಿಯವನದು.

ಈ ಅಸಮತೆಯನ್ನು ನ್ಯಾಯಶಾಸ್ತ್ರವು ಮೆಲ್ಲಮೆಲ್ಲನೆ ಕಂಡುಕೊಂಡಿತು. ದೊಡ್ಡ ಕೈಗಾರಿಕೆಗಳು ಹಾಜರಿ, ರಜೆ, ಶಿಸ್ತು, ವಜಾ ಮೊದಲಾದವುಗಳ ಷರತ್ತುಗಳನ್ನು ‘ಸ್ಥಾಯೀ ಆಜ್ಞೆ’ಗಳಾಗಿ ಸ್ಪಷ್ಟವಾಗಿ ಬರೆಯಬೇಕೆಂದೂ, ಇಂಗ್ಲಿಷಿನಲ್ಲಿಯೂ ಬಹುಮಂದಿ ಕೆಲಸಗಾರರು ಬಲ್ಲ ಭಾಷೆಯಲ್ಲಿಯೂ ಬಾಗಿಲ ಬಳಿ ಪ್ರಕಟಿಸಬೇಕೆಂದೂ 1946ರ ಕಾಯಿದೆಯು ವಿಧಿಸಿತು. ಗುಟ್ಟಾಗಿದ್ದ ಷರತ್ತು ಹೀಗೆ ಬಯಲಿಗೆ ಬಂದಿತು. ಆದರೂ ಅವುಗಳನ್ನು ಪ್ರಮಾಣೀಕರಿಸುವ ಅಧಿಕಾರಿಗೆ ಆಗ ಅವುಗಳ ನ್ಯಾಯಾನ್ಯಾಯವನ್ನು ತೂಗುವ ಹಕ್ಕಿರಲಿಲ್ಲ. ಆ ಹಕ್ಕು ದೊರೆತದ್ದು 1956ರ ತಿದ್ದುಪಡಿಯಿಂದ. ಷರತ್ತು ತಿಳಿಯುವಂತಿದೆಯೇ ಎಂಬ ಪ್ರಶ್ನೆಯಿಂದ ಷರತ್ತು ನ್ಯಾಯವಾದುದೇ ಎಂಬ ಪ್ರಶ್ನೆಗೆ ನಡೆಯಲು ಹತ್ತು ವರ್ಷ ಹಿಡಿಯಿತು.

ಬಿನ್ನಿ ಗಿರಣಿಯ ವ್ಯಾಜ್ಯವೇ ಈ ವಿಚಾರವನ್ನು ಸರ್ವೋಚ್ಚ ನ್ಯಾಯಾಲಯದವರೆಗೂ ಒಯ್ದಿತು. 1968ರ ವರದಿಗಳಲ್ಲಿರುವ ಆ ತೀರ್ಪಿನ ಸಾರವಿಷ್ಟು: ಪ್ರಮಾಣೀಕೃತವಾದ ಸ್ಥಾಯೀ ಆಜ್ಞೆಗಳು ಉದ್ಯೋಗದ ಷರತ್ತುಗಳ ಭಾಗವಾಗುವುದು ನಿಜ; ಆದರೂ ಅವುಗಳ ವಿಷಯದಲ್ಲಿ ವಿವಾದ ಹುಟ್ಟಿ, ಸರ್ಕಾರವು ಅದನ್ನು ಕೈಗಾರಿಕಾ ನ್ಯಾಯಮಂಡಲಿಗೆ ಒಪ್ಪಿಸಿದರೆ, ಮಂಡಲಿಯು ಅದರ ಗುಣಾವಗುಣಗಳನ್ನು ವಿಚಾರಿಸಬಹುದು. ಬರೆದುದಾಯಿತೆಂಬ ಮಾತ್ರಕ್ಕೆ ವಿಚಾರದ ಬಾಗಿಲು ಮುಚ್ಚುವುದಿಲ್ಲವೆಂದು ಇದರಿಂದ ಸ್ಪಷ್ಟವಾಯಿತು.

ಹಾಗಾದರೆ ಕೆಲಸಗಾರನಿಗೆ ಅಹಿತವಾದ ಷರತ್ತೆಲ್ಲವೂ ಅನ್ಯಾಯವೋ? ಹಾಗೆನ್ನಲಾಗದು. ಬೆಂಗಳೂರಿನಲ್ಲಿ ಮುಖ್ಯ ಕಚೇರಿಯಿದ್ದ ವಿಜಯಾ ಬ್ಯಾಂಕಿನ ನೇಮಕದಲ್ಲಿ, ಮೂರು ವರ್ಷಕ್ಕೆ ಮುಂಚೆ ಬಿಟ್ಟುಹೋಗುವ ಅಧಿಕಾರಿಯು 2 ಲಕ್ಷ ರೂಪಾಯಿ ತೆರಬೇಕೆಂಬ ಷರತ್ತಿತ್ತು. 2025ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಮತ್ತೆ ನೇಮಕ ನಡೆಸುವುದರಲ್ಲಿ ಬ್ಯಾಂಕಿಗೆ ಆಗುವ ವೆಚ್ಚವನ್ನೂ, ಅಧಿಕಾರಿಯ ದೊಡ್ಡ ಹುದ್ದೆ ಮತ್ತು ಸಂಬಳಗಳನ್ನೂ ಗಮನಿಸಿ, ಆ ಮೊತ್ತವು ರಾಜೀನಾಮೆಯನ್ನು ಅಸಾಧ್ಯವಾಗಿಸುವಷ್ಟು ಭಾರವಲ್ಲವೆಂದಿತು. ಇದು ಬಿನ್ನಿಯ ತೀರ್ಪಿಗೆ ವಿರುದ್ಧವಾದುದಲ್ಲ. ಇಲ್ಲಿಯೂ ರುಜುವೊಂದನ್ನೇ ನೋಡಿ ತೃಪ್ತಿಪಡದೆ, ಹೊರೆಯನ್ನೂ ಅದನ್ನು ಹೊರುವವನ ಹೆಗಲನ್ನೂ ಒಟ್ಟಿಗೆ ತೂಗಲಾಯಿತು. ಅದೇ 2 ಲಕ್ಷವು ಮಗ್ಗದ ಕೆಲಸಗಾರನ ಮೇಲೆ ಬಿದ್ದರೆ ಷರತ್ತೆನಿಸದೆ ಸಂಕೋಲೆಯೆನಿಸೀತು.

ಆದಕಾರಣ ಷರತ್ತಿನ ಅರ್ಥವು ಅದರ ಅಕ್ಷರಗಳಲ್ಲಿ ಮುಗಿಯುವುದಿಲ್ಲ. ಕಟ್ಟುಬೀಳುವವನಿಗೆ ಅದು ಮೊದಲೇ ತಿಳಿದಿತ್ತೇ, ಅದರ ಹಿಂದೆ ನ್ಯಾಯವಾದ ಕಾರಣವುಂಟೇ, ಭಾರವು ಶಕ್ತಿಗೆ ತಕ್ಕುದೇ ಎಂಬ ಮೂರನ್ನೂ ಕೇಳಿದ ಬಳಿಕವೇ ಅದು ಪೂರ್ಣವಾಗುತ್ತದೆ. ಈ ವಿಚಾರ ಗಿರಣಿಗಳಿಗೆ ಮಾತ್ರ ಸೇರಿದುದಲ್ಲ. ಅಡಿಗೆಯವಳನ್ನೋ ತೋಟದಾಳನ್ನೋ ನೇಮಿಸಿಕೊಳ್ಳುವ ಪ್ರತಿಯೊಂದು ಮನೆಯೂ ಒಂದು ಸಣ್ಣ ಗಿರಣಿಯೇ. ಕೊಟ್ಟ ಮಾತಿಗೆ ತಪ್ಪುವುದು ದೋಷವೆಂದು ಮಕ್ಕಳಿಗೆ ಕಲಿಸುವ ಹಿರಿಯರು, ಎದುರಿನವನಿಗೆ ಮಾತಾಡಲು ಬಿಡದೆಯೇ ಅವನನ್ನು ಮಾತಿಗೆ ಕಟ್ಟುವುದೂ ದೋಷವೆಂಬುದನ್ನು ಜೊತೆಗೇ ಕಲಿಸುವುದು ಯುಕ್ತ.