ಮನಸ್ಸನ್ನು ಓದುವ ಹಕ್ಕು

ಸಿರಿಗೇರಿಯ ನಮ್ಮ ಓಣಿಯಲ್ಲಿ ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ಬಿ.ಎ.ಗೆ ಸೇರುವಾಗ, ಐಚ್ಛಿಕ ಕನ್ನಡ ಮತ್ತು ಇತಿಹಾಸದ ಜೊತೆಗೆ ಮನಶ್ಶಾಸ್ತ್ರ ಓದುತ್ತೇನೆಂದು ಹಟ ಹಿಡಿದಳು. ಅವಳ ತಂದೆ ಕಾಲುವೆ ನೀರಿನಲ್ಲಿ ನಾಲ್ಕು ಎಕರೆ ನೆಲ್ಲು ಬೆಳೆಯುವವರು. ಮಗಳ ಓದಿಗೆ ಎಂದೂ ಅಡ್ಡ ಬಂದವರಲ್ಲ. ಆದರೂ ಅರ್ಜಿ ತುಂಬುವ ಮುಂಚೆ ನನ್ನಲ್ಲಿಗೆ ಬಂದು ಮೂರು ಮಾತು ಆಡಿದರು. ಅದು ಹುಚ್ಚರ ಓದು ಎಂಬುದು ಮೊದಲನೆಯದು. ಅದರಿಂದ ನೌಕರಿ ಸಿಗುವುದಿಲ್ಲ ಎಂಬುದು ಎರಡನೆಯದು. ಈ ಎರಡಕ್ಕೂ ಏನೋ ಒಂದು ಸಮಾಧಾನ ಹೇಳಬಹುದಿತ್ತು, ಹೇಳಿದೆ. ಮೂರನೆಯ ಮಾತಿಗೆ ಮಾತ್ರ ಸಿದ್ಧ ಉತ್ತರವಿರಲಿಲ್ಲ. "ಸಾಬ್ರೇ, ಮನಿಯಾಗ ಒಬ್ಬಾಕಿ ಕುಂತು ಎಲ್ಲಾರ ಮನಸು ಓದಾಕ ಹತ್ತಿದ್ರ, ಉಳಿದವ್ರು ಬಾಳೇವು ಮಾಡೋದು ಹೆಂಗ್ರಿ?"

ಕೇಳಿದವರು ನಗಬಹುದು. ಆದರೆ ಇದು ಗಂಭೀರವಾದ ನೈತಿಕ ಪ್ರಶ್ನೆ. ಹಕೀಮರು ನಾಡಿ ನೋಡಬೇಕಾದರೆ ರೋಗಿ ತಾನಾಗಿ ಕೈ ಮುಂದೆ ಚಾಚಬೇಕು. ಮನಸ್ಸಿನ ವಿಷಯದಲ್ಲಿ ಆ ಅನುಮತಿಯ ಅಗತ್ಯವೇ ಬೀಳುವುದಿಲ್ಲ. ಊಟದ ತಟ್ಟೆಯ ಮುಂದೆ ತಂದೆ ಸುಮ್ಮನೆ ಕೂತರೂ ಸಾಕು, ಓದಲು ಕಲಿತವಳು ಅದನ್ನು ಓದಬಲ್ಲಳು. ಕೇಳದೆ ಒಬ್ಬರ ಮನಸ್ಸಿನೊಳಗೆ ಇಣುಕುವುದು ಅವರ ಮನೆಯೊಳಗೆ ಇಣುಕಿದಂತೆ ಅಲ್ಲವೇ? ಕಥೆ ಬರೆಯುವ ನನ್ನಂಥವರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ನೆರೆಮನೆಯ ದುಃಖವನ್ನು ಹೆಸರು ಬದಲಿಸಿ, ಊರು ಬದಲಿಸಿ ಬರೆಯುತ್ತೇವೆ. ಯಾರ ಅಪ್ಪಣೆಯನ್ನೂ ಕೇಳಿರುವುದಿಲ್ಲ.

ಆದರೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಮ್ಮ ಊರುಗಳಲ್ಲಿ ಮನಸ್ಸು ಓದುವ ಕೆಲಸ ಯಾವ ವಿಶ್ವವಿದ್ಯಾಲಯಕ್ಕೂ ಕಾದು ಕುಳಿತಿಲ್ಲ. ಬಾಣಂತಿ ಮಾತು ಬಿಟ್ಟು ಗೋಡೆ ನೋಡುತ್ತ ಕುಳಿತರೆ 'ಗಾಳಿ ಸೋಕ್ಯಾದ' ಎನ್ನುತ್ತಾರೆ. ನಮ್ಮ ಮನೆಗಳಲ್ಲಾದರೆ 'ಅಸರ್' ಎನ್ನುತ್ತಾರೆ, ಇಲ್ಲವೇ 'ನಜರ್' ಎನ್ನುತ್ತಾರೆ. ಪರೀಕ್ಷೆಯಲ್ಲಿ ಫೇಲಾಗಿ ಕೋಣೆಯಿಂದ ಹೊರಬಾರದ ಹುಡುಗನಿಗೆ ಸೊಕ್ಕು. ಸಾಲದ ಚಿಂತೆಗೆ ನಿದ್ದೆ ಕಳಕೊಂಡವನಿಗೆ ಕುಡಿತದ ಚಟ. ಇವೆಲ್ಲ ರೋಗಕ್ಕೆ ಕೊಟ್ಟ ಹೆಸರುಗಳಂತೆ ಕಂಡರೂ ನಿಜದಲ್ಲಿ ತೀರ್ಪುಗಳು. ತೀರ್ಪು ಕೊಟ್ಟವರು ಎದ್ದು ಹೋಗುತ್ತಾರೆ, ಹೆಸರು ಮಾತ್ರ ಆ ಮನೆಯಲ್ಲಿ ಉಳಿಯುತ್ತದೆ, ಹೆಣ್ಣಾದರೆ ಅವಳ ತಂಗಿಯ ಮದುವೆಯವರೆಗೂ ಹಿಂಬಾಲಿಸುತ್ತದೆ. ಈಗ ಮೊಬೈಲು ಬಂದ ಮೇಲೆ ಡಿಪ್ರೆಶನ್, ಟ್ರಾಮಾ, ನಾರ್ಸಿಸಿಸ್ಟ್ ಎಂಬ ಹೊಸ ಮಾತುಗಳು ಬಂದಿವೆ. ಎರಡು ನಿಮಿಷದ ವಿಡಿಯೋ ನೋಡಿ ಅತ್ತೆಯನ್ನು ನಾರ್ಸಿಸಿಸ್ಟ್ ಎನ್ನುವ ಸೊಸೆಗೂ, ಸೊಸೆಗೆ ದೆವ್ವ ಬಡಿದಿದೆ ಎನ್ನುವ ಅತ್ತೆಗೂ ನನಗೇನೂ ಅಂತರ ಕಾಣುವುದಿಲ್ಲ. ಬಡಿಗೆ ಬದಲಾಗಿದೆ, ಅಷ್ಟೇ.

ಆದ್ದರಿಂದ ಆ ತಂದೆಯ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ನೋಡಬೇಕಾಗುತ್ತದೆ. ಓದುವವರು ಹೇಗೂ ಓದುತ್ತಲೇ ಇದ್ದಾರೆ. ಶಿಸ್ತಿನಿಂದ ಓದಲು ಕಲಿಯುವುದಾದರೆ ಅದನ್ನು ಎಲ್ಲಿ ಕಲಿಯಬೇಕು? ಯಾವ ವಿಷಯಗಳ ಪಕ್ಕದಲ್ಲಿ ಕುಳಿತು ಕಲಿಯಬೇಕು?

ನಮ್ಮ ನಾಡಿನಲ್ಲಿ ಇದಕ್ಕೆ ಹಳೆಯ ಉತ್ತರವೊಂದಿದೆ. ಮೊದಲು ತತ್ವಶಾಸ್ತ್ರದ ಒಂದು ಭಾಗವಾಗಿದ್ದ ಮನಶ್ಶಾಸ್ತ್ರಕ್ಕೆ ಮೈಸೂರು ವಿಶ್ವವಿದ್ಯಾಲಯ 1924ರಲ್ಲಿ ಪ್ರತ್ಯೇಕ ವಿಭಾಗ ತೆರೆಯಿತು. ಕಲ್ಕತ್ತದಲ್ಲಿ 1916ರಲ್ಲಿ ಆರಂಭವಾದ ವಿಭಾಗವನ್ನು ಬಿಟ್ಟರೆ ದೇಶದಲ್ಲಿ ತೀರಾ ಮೊದಲಿನವುಗಳಲ್ಲಿ ಅದೂ ಒಂದು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿ. ವಿಭಾಗ ಇದ್ದದ್ದು ಮಹಾರಾಜ ಕಾಲೇಜಿನಲ್ಲಿ, ಅಂದರೆ ಕಲಾ ವಿಷಯಗಳ ನಡುವೆ. ಈ ಮೇಷ್ಟ್ರಿಗೆ ನಾಟಕದ ಹುಚ್ಚು. ಸಾಲದ್ದಕ್ಕೆ 1935ರಲ್ಲಿ ತಮ್ಮ ಮನೆಯಲ್ಲೇ ಒಂದು ರೇಡಿಯೋ ನಿಲಯವನ್ನೂ ಆರಂಭಿಸಿದರು. ಅದರ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೋ ಆ ಹೆಸರನ್ನು ತನ್ನದಾಗಿಸಿಕೊಂಡಿತು. ಮನಸ್ಸನ್ನು ಅಳೆಯುವ ಪ್ರಯೋಗಶಾಲೆ, ನಾಟಕದ ರಂಗ, ಕಾಣದ ಕೇಳುಗರಿಗಾಗಿ ಮಾತಾಡುವ ರೇಡಿಯೋ ಈ ಮೂರೂ ಒಬ್ಬ ಮೇಷ್ಟ್ರ ಕೆಲಸವಾಗಿದ್ದವು ಎಂಬುದನ್ನು ನೆನೆದಾಗ, ನಮ್ಮ ಇಂದಿನ ವಿಷಯ ವಿಂಗಡಣೆ ಬಹಳ ಬಡವಾಗಿ ಕಾಣುತ್ತದೆ.

ಅದೇ ಮೈಸೂರಿನಲ್ಲಿ ಬಿ.ಎ. ಪದವಿಗೆ ಮನಶ್ಶಾಸ್ತ್ರ ಓದಿದ ಒಬ್ಬ ಹೆಣ್ಣುಮಗಳು ಅನಸೂಯಾ. ಕನ್ನಡ ಓದುಗರಿಗೆ ತ್ರಿವೇಣಿ. 1963ರಲ್ಲಿ ತೀರಿಕೊಂಡಾಗ ಅವರಿಗಿನ್ನೂ ಮೂವತ್ತೈದು ತುಂಬಿರಲಿಲ್ಲ. ಅಷ್ಟರಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದಿದ್ದರು. 'ಶರಪಂಜರ'ವನ್ನು ಪುಟ್ಟಣ್ಣ ಕಣಗಾಲರ ಸಿನಿಮಾ ಮೂಲಕ ಬಲ್ಲವರೇ ಹೆಚ್ಚು. ಹೆರಿಗೆಯ ನಂತರ ಮನಸ್ಸು ಕದಡಿದ ಕಾವೇರಿ ಚಿಕಿತ್ಸೆ ಪಡೆದು, ಗುಣವಾಗಿ ಮನೆಗೆ ಮರಳುತ್ತಾಳೆ. ಆಸ್ಪತ್ರೆ ಅವಳಿಗೆ ಗುಣವಾಗಿದೆ ಎಂದಿದೆ. ಮನೆ, ನೆರೆಹೊರೆ ಮಾತ್ರ ನಂಬಲು ತಯಾರಿಲ್ಲ. ಎಲ್ಲರಿಗೂ ಬರುವ ಸಿಟ್ಟು ಅವಳಿಗೆ ಬಂದರೆ ಅದು ರೋಗ. ಎಲ್ಲರಿಗೂ ಬರುವ ಅಳು ಅವಳಿಗೆ ಬಂದರೆ ಅದೂ ರೋಗ. ಅವಳನ್ನು ಮತ್ತೆ ಕೆಡಹುವುದು ಸುತ್ತಲಿನವರ ಈ ಓದು.

ಬರೀ ಮನಶ್ಶಾಸ್ತ್ರ ಓದಿದವರೊಬ್ಬರು ಕಾವೇರಿಯ ಬಗ್ಗೆ ಅರ್ಧ ಪುಟದ ವರದಿ ಬರೆಯುತ್ತಿದ್ದರು, ಅದು ಸರಿಯಾಗಿಯೂ ಇರುತ್ತಿತ್ತು. ಬರೀ ಸಾಹಿತ್ಯ ಬಲ್ಲವರು ಅವಳನ್ನು ಶಾಪಗ್ರಸ್ತೆಯನ್ನಾಗಿಯೋ ದುರಂತ ನಾಯಕಿಯನ್ನಾಗಿಯೋ ಮಾಡಿ ಕಣ್ಣೀರು ಹಾಕಿಸುತ್ತಿದ್ದರು. ತ್ರಿವೇಣಿ ಎರಡನ್ನೂ ಓದಿದ್ದರಿಂದ, ಅವಳಿಗೆ ಬಂದದ್ದು ಹೆಸರಿರುವ, ಔಷಧಿಯಿರುವ ಕಾಯಿಲೆ ಎಂದು ಗೊತ್ತಿತ್ತು. ಆ ಹೆಸರು ಕಾವೇರಿಯಷ್ಟು ದೊಡ್ಡದಲ್ಲ ಎಂಬುದೂ ಗೊತ್ತಿತ್ತು. ಕಲಾ ವಿಷಯಗಳ ಪಕ್ಕದಲ್ಲಿ ಮನಶ್ಶಾಸ್ತ್ರ ಇರಬೇಕು ಎನ್ನುವುದಕ್ಕೆ ನನ್ನ ಮುಖ್ಯ ಕಾರಣ ಇದೇ. ಕನ್ನಡದಲ್ಲಿ ಈ ಸಂಗಮಕ್ಕೆ ಇನ್ನೊಂದು ಉದಾಹರಣೆ 'ಕೊರವಂಜಿ'ಯ ಡಾ. ಎಂ. ಶಿವರಾಂ. ನಗೆ ಪತ್ರಿಕೆ ನಡೆಸಿದ ಈ ವೈದ್ಯರ 'ಮನಮಂಥನ' ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನೋರೋಗದ ಬಗ್ಗೆ ಬರೆದ ಪುಸ್ತಕವನ್ನು ಸಾಹಿತ್ಯವೆಂದು ಗೌರವಿಸಿದ ಕಾಲವೂ ಒಂದಿತ್ತು.

ಇಲ್ಲಿ ತಿಳಿದವರು ಒಂದು ಆಕ್ಷೇಪ ಎತ್ತುತ್ತಾರೆ. ಮೂರು ವರ್ಷದ ಬಿ.ಎ.ಯಲ್ಲಿ ಮೂರರಲ್ಲಿ ಒಂದಾಗಿ ಓದಿದ ವಿಷಯದಿಂದ ಬರುವುದು ಅರೆಬರೆ ಜ್ಞಾನ, ಅರೆಬರೆ ಜ್ಞಾನ ಅಪಾಯ. 'ನೀಮ್ ಹಕೀಮ್ ಖತ್ರಾ-ಎ-ಜಾನ್' ಎಂದು ನಮ್ಮ ಹಿರಿಯರೂ ಹೇಳುತ್ತಿದ್ದರು. ಮಾತು ಸುಳ್ಳಲ್ಲ. ಆದರೆ ಅದಕ್ಕೆ ಉತ್ತರ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಇದೆ, ನಮ್ಮವರಿಗೇ ಅದು ಮರೆತುಹೋಗಿದೆ. 1985ರಿಂದ 1990ರವರೆಗೆ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಮನೋವೈದ್ಯರು ಬೆರಳೆಣಿಕೆಯಷ್ಟಿರುವಾಗ ಹಳ್ಳಿಯ ರೋಗಿಗೆ ಬೆಂಗಳೂರು ಎಲ್ಲಿ, ಅವನೆಲ್ಲಿ? ಹಾಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೆ, ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ಅಲ್ಪಾವಧಿಯ ತರಬೇತಿ ಕೊಟ್ಟು, ಕೆಲವೇ ಕಾಯಿಲೆಗಳನ್ನು ಗುರುತಿಸಲು, ಕೆಲವೇ ಔಷಧಿಗಳನ್ನು ಬಳಸಲು, ಕೈಮೀರಿದ್ದನ್ನು ಮೇಲಕ್ಕೆ ಕಳಿಸಲು ಕಲಿಸಿದರು. 'ಬಳ್ಳಾರಿ ಮಾದರಿ' ಎಂದು ಹೆಸರಾದ ಈ ಪ್ರಯೋಗವೇ 1996ರಲ್ಲಿ ಆರಂಭವಾದ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಗಣಿಯ ಧೂಳಿಗೆ, ಬಿಸಿಲಿಗೆ ಹೆಸರಾದ ನಮ್ಮ ಜಿಲ್ಲೆ ದೇಶಕ್ಕೆ ಇದನ್ನೂ ಕೊಟ್ಟಿದೆ.

ಆ ಆರೋಗ್ಯ ಕಾರ್ಯಕರ್ತೆಯ ಜ್ಞಾನ ಅರ್ಧವೂ ಅಲ್ಲ, ಕಾಲು ಭಾಗ. ಆದರೂ ಅದು ಅಪಾಯವಾಗಲಿಲ್ಲ. ತನ್ನ ಅರಿವು ಎಲ್ಲಿಗೆ ಮುಗಿಯುತ್ತದೆ ಎಂಬುದನ್ನೂ ಅವಳಿಗೆ ಕಲಿಸಿದ್ದರು. ಅರೆಬರೆ ಜ್ಞಾನ ಕೆಡುವುದು ತನ್ನ ಗಡಿ ಮರೆತಾಗ. ಏನೂ ಗೊತ್ತಿಲ್ಲದಿರುವುದು ಎಷ್ಟು ಸುರಕ್ಷಿತ ಎಂಬುದನ್ನೂ ನೋಡಿದ್ದೇವಲ್ಲ. 2001ರ ಆಗಸ್ಟ್ 6ರ ಬೆಳಗ್ಗೆ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸಮೀಪದ ಖಾಸಗಿ ಆಶ್ರಯದ ಗುಡಿಸಲಿಗೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮನೋರೋಗಿಗಳು ಸತ್ತುಹೋದರು. ಅವರನ್ನು ಅಲ್ಲಿಗೆ ಬಿಟ್ಟುಹೋದ ತಾಯಿ ತಂದೆಯರು ಕ್ರೂರಿಗಳಾಗಿರಲಿಲ್ಲ, ದುವಾ ಮಾಡಿ ಬಿಟ್ಟುಹೋದವರು. ದುವಾ ಬೇಡವೆಂದು ನಾನು ಹೇಳುತ್ತಿಲ್ಲ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಆದರೆ ಕಾಯ್ದೆಗಿಂತ ಮೊದಲು, ಇದಕ್ಕೆ ಔಷಧಿ ಇದೆ ಎಂದು ಮನೆಯೊಳಗೇ ಹೇಳಬಲ್ಲ ಒಬ್ಬ ಮಗಳು ಇರಬೇಕಾಗುತ್ತದೆ.

ಅಂಥ ಮಗಳಿಗೆ ದಾರಿಯೇ ಕಿರಿದಾಗುತ್ತಿದೆ. ನಮ್ಮ ಕಡೆ ಬಿ.ಎ. ಎಂದರೆ ಸಾಮಾನ್ಯವಾಗಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಐಚ್ಛಿಕ ಕನ್ನಡ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ಈ ಹೋಗಿಬರುವಿಕೆಯಲ್ಲಿ ಹಳ್ಳಿಯ ವಿದ್ಯಾರ್ಥಿಯ ಆಯ್ಕೆ ಹಿಗ್ಗಿದ್ದು ಅಷ್ಟಕ್ಕಷ್ಟೇ. ಹಾಸ್ಟೆಲಿಗೆ ಕಳಿಸಲಾಗದ ಮನೆಗಳಿಗೆ ದೂರಶಿಕ್ಷಣ ಒಂದು ಕಿಟಕಿಯಾಗಿತ್ತು. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಯುಜಿಸಿ, ಆರೋಗ್ಯ ವೃತ್ತಿಗಳ 2021ರ ಕಾಯ್ದೆಯ ವ್ಯಾಪ್ತಿಗೆ ಬರುವ ವಿಷಯಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳಿಂದ ತೆಗೆಯಿಸಿತು. ಅವುಗಳಲ್ಲಿ ಮನಶ್ಶಾಸ್ತ್ರವೂ ಇದೆ. ಹಲವು ವಿಷಯಗಳ ಬಿ.ಎ.ಯಲ್ಲಿ ಉಳಿದವು ಮುಂದುವರಿಯಬಹುದು, ಇದೊಂದು ಮಾತ್ರ ಕೂಡದು. ಮುಂದೆ ರೋಗಿಯ ಎದುರು ಕೂರುವವರು ಎದುರಾಬದುರು ಕುಳಿತೇ ಕಲಿಯಬೇಕು ಎಂಬ ವಾದ ನನಗೆ ಪೂರ್ತಿ ಒಪ್ಪಿಗೆ. ಆದರೆ ಇತಿಹಾಸ ಓದಿದವರೆಲ್ಲ ಪುರಾತತ್ವ ಇಲಾಖೆಗೆ ಹೋಗುವುದಿಲ್ಲ, ರಾಜ್ಯಶಾಸ್ತ್ರ ಓದಿದವರೆಲ್ಲ ಚುನಾವಣೆಗೆ ನಿಲ್ಲುವುದಿಲ್ಲ. ಮನುಷ್ಯನನ್ನು ತಿಳಿಯುವ ಒಂದು ಬಗೆಯಾಗಿ ಮನಶ್ಶಾಸ್ತ್ರ ಓದಬೇಕೆನ್ನುವವಳನ್ನು ವೃತ್ತಿಯ ನಿಯಮದಿಂದ ತಡೆದದ್ದು, ಬಾವಿಗೆ ಯಾರೋ ಬಿದ್ದಾರೆಂದು ಕೊಡವನ್ನೇ ಕಸಿದುಕೊಂಡಂತಾಯಿತು.

ಉರ್ದುವಿನಲ್ಲಿ ಮನಶ್ಶಾಸ್ತ್ರಕ್ಕೆ 'ನಫ್ಸಿಯಾತ್' ಎನ್ನುತ್ತಾರೆ. ಉರ್ದು ಶಾಲೆಯಲ್ಲಿ ಓದುವಾಗ ನನಗೆ ಗೊತ್ತಿದ್ದ 'ನಫ್ಸ್' ಎಂದರೆ ನಮ್ಮದೇ ನಫ್ಸ್, ಕಾಡುವ, ಕೆಣಕುವ, ಹದ್ದಿನಲ್ಲಿಡಬೇಕಾದ ನಫ್ಸ್. ಇನ್ನೊಬ್ಬರ ನಫ್ಸ್‌ನ ಲೆಕ್ಕ ನೋಡುವುದು ನಮ್ಮ ಕೆಲಸವೆಂದು ಯಾವ ಉಸ್ತಾದರೂ ಹೇಳಿಕೊಡಲಿಲ್ಲ. ಹತ್ತನೆಯ ಶತಮಾನದ ಅಬೂ ಝೈದ್ ಅಲ್ ಬಲ್ಖೀ ದೇಹದ ಆರೋಗ್ಯದ ಜೊತೆಗೇ ನಫ್ಸ್‌ನ ಆರೋಗ್ಯವನ್ನೂ ಇಟ್ಟು ಗ್ರಂಥ ಬರೆದಾಗ, ಸಿಟ್ಟು, ಭಯ, ದುಃಖ, ಬಿಡದೆ ಕಾಡುವ ಯೋಚನೆಗಳನ್ನು ಬೇರೆಬೇರೆಯಾಗಿ ಗುರುತಿಸಿ, ಓದುಗ ತನ್ನನ್ನು ತಾನು ಕಾಪಾಡಿಕೊಳ್ಳುವ ಬಗೆ ಹೇಳಿದ. ಬಿ.ಎ. ತರಗತಿಯಲ್ಲಿ ಮನಶ್ಶಾಸ್ತ್ರ ಕಲಿಸುವವರು ಈ ಕ್ರಮವನ್ನು ಹಿಡಿದರೆ, ಆ ತಂದೆಯ ಮೂರನೆಯ ಮಾತಿಗೆ ಅರ್ಧ ಉತ್ತರ ಸಿಗುತ್ತದೆ. ಮೊದಲ ವರ್ಷ ಹುಡುಗಿ ತನ್ನ ಕಣ್ಣು, ತನ್ನ ನೆನಪು, ತನ್ನ ಸಿಟ್ಟನ್ನು ಪರೀಕ್ಷಿಸಿಕೊಳ್ಳಲಿ. ಅಪ್ಪ, ಅತ್ತಿಗೆ, ನೆರೆಮನೆಯವರು ಕಾದಿರಲಿ. ಅವರ ವಿಷಯ ಬರೆಯುವುದಾದರೆ ಕೇಳಿಯೇ ಬರೆಯಲಿ, ಹೆಸರಿಲ್ಲದೆ ಬರೆಯಲಿ.

ಇದಕ್ಕೆ ಹೊಸ ಪಠ್ಯವೇನೂ ಬೇಕಾಗಿಲ್ಲ, ಪದವಿ ತರಗತಿಗಳಲ್ಲಿ ಮಾಡಿಸುವ ಸರಳ ಪ್ರಯೋಗಗಳೇ ಸಾಕು. ಸಮ ಉದ್ದದ ಎರಡು ಗೆರೆ, ಒಂದರ ತುದಿಯ ಬಾಣಗಳು ಒಳಮುಖ, ಇನ್ನೊಂದರವು ಹೊರಮುಖ. ಮ್ಯೂಲರ್-ಲಯರ್ ಭ್ರಮೆ ಎನ್ನುತ್ತಾರೆ. ಒಂದು ಗೆರೆ ಉದ್ದವಾಗಿ ಕಾಣುತ್ತದೆ. ಅಳತೆಪಟ್ಟಿ ಇಟ್ಟು ಸಮವೆಂದು ಖಾತ್ರಿ ಮಾಡಿಕೊಂಡು ಮತ್ತೆ ನೋಡಿ, ಆಗಲೂ ಉದ್ದವಾಗಿಯೇ ಕಾಣುತ್ತದೆ. ಇನ್ನೊಂದು ಪ್ರಯೋಗದಲ್ಲಿ ಕೈಯನ್ನು ಮರೆಮಾಡಿ, ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸಬೇಕು. ವರ್ಷಗಟ್ಟಲೆ ಬರೆದ ಕೈ ಒಂದನೇ ತರಗತಿಯ ಮಗುವಿನಂತೆ ತಡವರಿಸುತ್ತದೆ. ಪ್ರಯೋಗಾಲಯ ಬೇಕು, ಖರ್ಚು ಬರುತ್ತದೆ ಎಂದು ಈ ವಿಷಯ ತೆರೆಯಲು ಹಿಂಜರಿಯುವ ಆಡಳಿತ ಮಂಡಳಿಗಳಿವೆ. ಅಧ್ಯಾಪಕರ ಸಂಬಳ ದೊಡ್ಡ ಮಾತೇ, ಅದನ್ನು ಸರ್ಕಾರದ ಮುಂದೆ ಕೇಳೋಣ. ಕನ್ನಡಿ, ಪೆನ್ಸಿಲ್, ಅಳತೆಪಟ್ಟಿ, ನಕ್ಷತ್ರ ಬರೆದ ಹಾಳೆ ಸಿರುಗುಪ್ಪದ ಪೇಟೆಯಲ್ಲೇ ಸಿಗುತ್ತವೆ.