ಹತ್ತಿದವರು ಯಾರು?

ಎವರೆಸ್ಟ್ ಎತ್ತರ 8,848.86 ಮೀಟರ್. ನೇಪಾಳದ ಕಡೆಯಿಂದ ಹಣ ಕಟ್ಟಿ ತಂಡದ ಜೊತೆ ಹೊರಟವರಿಗೆ ಹಗ್ಗ, ಏಣಿ, ಡೇರೆ, ಆಮ್ಲಜನಕದ ಸಿಲಿಂಡರ್ ಎಲ್ಲವನ್ನೂ ಶೇರ್ಪಾಗಳೇ ಮುಂದೆ ಹೋಗಿ ಅಣಿ ಮಾಡಿರುತ್ತಾರೆ. ಯಾವಾಗ ಕುಸಿಯುತ್ತೋ ಗೊತ್ತಿಲ್ಲದ ಖುಂಬು ಮಂಜುಗಡ್ಡೆ ರಾಶಿಯನ್ನು ಹೊರೆ ಹೊತ್ತು ಮತ್ತೆ ಮತ್ತೆ ದಾಟುತ್ತಾರೆ. ಹಣ ಕಟ್ಟಿದವರು ದಾಟುವುದು ಕೆಲವೇ ಸಲ. ಇಳಿದು ಬಂದು “ನಾನು ಹತ್ತಿದೆ” ಅನ್ನುವುದು ನನಗಂತೂ ಅರ್ಧ ಸುಳ್ಳಾಗಿ ಕಾಣುತ್ತದೆ.

ಕೂಲಿ ಕೊಟ್ಟಿದ್ದೀವಲ್ಲ ಅಂತಾರೆ. ನಿಜ, ಆ ಕೂಲಿಯಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಆದರೆ ಕೂಲಿ ಹೊರೆಗಾಯಿತು, ಜೀವಕ್ಕೆ? 2014ರ ಏಪ್ರಿಲ್ 18ರಂದು ಅಲ್ಲಿ ಹಿಮ ಕುಸಿದು 16 ಮಂದಿ ತೀರಿಕೊಂಡರು. ಅಷ್ಟೂ ಜನ ನೇಪಾಳದ ಕೆಲಸಗಾರರೇ. ಸರ್ಕಾರ ಮೊದಲು ಒಂದೊಂದು ಮನೆಗೆ 40,000 ನೇಪಾಳಿ ರೂಪಾಯಿ ಎಂದಿತು. ಶೇರ್ಪಾಗಳು ಇನ್ನು ಹತ್ತೋದಿಲ್ಲ ಅಂತ ಕೂತರು. ಆ ವರ್ಷ ಬಹುತೇಕ ತಂಡಗಳು ಬುಡದಿಂದಲೇ ವಾಪಸ್ಸು ಬಂದವು.