ನಿಷ್ಫಲ ಅಗ್ನಿ ಮತ್ತು ಅನರ್ಥದಂಡ ವಿರತಿ

ಅಷ್ಟಮಿ ಚತುರ್ದಶಿಗಳಂದು ಪ್ರೋಷಧೋಪವಾಸವನ್ನು ಕೈಗೊಳ್ಳುವ ಶ್ರಾವಕನು ತ್ಯಜಿಸುವುದು ಆಹಾರವನ್ನು ಮಾತ್ರವಲ್ಲ. ಸ್ವಾಮಿ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪವಾಸದ ದಿನ ಬಿಡತಕ್ಕವುಗಳನ್ನು ಹೇಳುವಾಗ ಪಂಚಪಾಪಗಳು, ಅಲಂಕಾರ, ಗಂಧಪುಷ್ಪ, ಸ್ನಾನಾದಿಗಳೊಡನೆ ಆರಂಭವನ್ನೂ ಸೇರಿಸಿದ್ದಾರೆ. ಆದ್ದರಿಂದ ಅಂದು ಮನೆಯ ಒಲೆ ತಣ್ಣಗಿರುವುದು ಹಸಿವನ್ನು ಗೆಲ್ಲುವ ಅಭ್ಯಾಸವಷ್ಟೇ ಅಲ್ಲ. ತೇಜಸ್ಕಾಯಿಕ ಜೀವಗಳಿಗೂ, ಉರಿಯಲ್ಲಿ ಬಿದ್ದು ಸಾಯುವ ಹುಳುಹುಪ್ಪಟೆಗಳಿಗೂ ಗೃಹಸ್ಥನು ಒಂದು ದಿನದ ಮಟ್ಟಿಗೆ ನೀಡುವ ಅಭಯ. ಹೀಗಿರುವಲ್ಲಿ, ಅದೇ ದಿನ ಸಂಜೆ ಹಿತ್ತಲಿನಲ್ಲಿ ಗುಡಿಸಿ ಒಟ್ಟಿದ ತರಗೆಲೆ ಪ್ಲಾಸ್ಟಿಕ್ ಚೀಲಗಳ ರಾಶಿಗೆ ಕಡ್ಡಿ ಗೀರಿದರೆ ಆ ಉಪವಾಸವು ಉಳಿಯಿತೇ?

ಪ್ರಶ್ನೆ ಕ್ಷುಲ್ಲಕವೆಂದು ಕೆಲವರಿಗೆ ತೋರಬಹುದು. ಆದರೆ ಆಚಾರ್ಯರಿಗೆ ಹಾಗೆ ತೋರಲಿಲ್ಲ. ಅನರ್ಥದಂಡದ ಐದು ಭೇದಗಳಲ್ಲಿ ಪ್ರಮಾದಚರ್ಯೆಯನ್ನು ವಿವರಿಸುತ್ತ ಅವರು ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಗಾಳಿಯನ್ನು ಬೀಸುವುದು, ಗಿಡವನ್ನು ಕಡಿಯುವುದು ಇವುಗಳ ಸಾಲಿನಲ್ಲಿಯೇ ಬೆಂಕಿಯನ್ನು ಹೊತ್ತಿಸುವುದನ್ನೂ ಇಟ್ಟಿದ್ದಾರೆ. ಹಿಂಸಾದಾನದ ವಿವರಣೆಯಲ್ಲಿ ಕೊಡಲಿ, ಖಡ್ಗ, ಸಂಕೋಲೆಗಳ ನಡುವೆ ಅಗ್ನಿಯೂ ಬರುತ್ತದೆ. ಅಂದರೆ ಹಚ್ಚಿದವನಷ್ಟೇ ಅಲ್ಲ, ಹಚ್ಚಲು ಕೊಟ್ಟವನೂ ವ್ರತದ ಕಟ್ಟಳೆಗೆ ಒಳಗಾದವನು.

ಇನ್ನು ರಾಜ್ಯಶಾಸನದ ಮಾತು. 1981ರ ವಾಯುಮಾಲಿನ್ಯ ನಿಯಂತ್ರಣ ಅಧಿನಿಯಮವು ಗೊತ್ತುಪಡಿಸಿದ ಪ್ರದೇಶಗಳಲ್ಲಿ ಇಂಧನವಲ್ಲದ ವಸ್ತುಗಳನ್ನು ಸುಡುವುದನ್ನು ನಿಷೇಧಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸವನ್ನು ಬೀದಿಯಲ್ಲಿ ಬಯಲಿನಲ್ಲಿ ಸುಡಬಾರದೆಂದವು. ಅದೇ ವರ್ಷ ಡಿಸೆಂಬರ್ 22ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಬಯಲಿನಲ್ಲಿ ಕಸ ಸುಡುವವರಿಗೆ 5,000 ರೂಪಾಯಿಗಳನ್ನೂ, ದೊಡ್ಡ ಪ್ರಮಾಣದಲ್ಲಿ ಸುಡುವವರಿಗೆ 25,000 ರೂಪಾಯಿಗಳನ್ನೂ ದೇಶಕ್ಕೆಲ್ಲ ವಿಧಿಸಿತು. ಬಳ್ಳಾರಿ ಮಹಾನಗರಕ್ಕೆ ಹೇಗೋ ಸಿರುಗುಪ್ಪ, ಕುರುಗೋಡು ಪಟ್ಟಣಗಳಿಗೂ ಹಾಗೆಯೇ ಇವು ಅನ್ವಯಿಸುವಂಥವು. ಆದರೆ 2016ರ ನಿಯಮದ ಮಾತು ‘ತನ್ನ ಆವರಣದ ಹೊರಗೆ’ ಎಂದಿತ್ತು. ಇದನ್ನೋದಿದ ಚತುರನು ಕಸವನ್ನು ಗೇಟಿನೊಳಗೆ ಎಳೆದುಕೊಂಡು ಸುಟ್ಟು ನಿಶ್ಚಿಂತನಾಗಬಹುದು. ಶ್ರಾವಕನಿಗೆ ಆ ಚಾತುರ್ಯವು ಒದಗಲಾರದು. ಹೊಗೆಗೆ ಕಾಂಪೌಂಡು ಗೋಡೆಯಿಲ್ಲ. ತರಗೆಲೆಯಡಿಯ ಇರುವೆಗೆ ಒಳಗು ಹೊರಗೆಂಬುದಿಲ್ಲ. ಎಲೆಯನ್ನು ಗುಂಡಿಯಲ್ಲಿ ಕೊಳೆಸಿ ಗೊಬ್ಬರ ಮಾಡಬಹುದಾಗಿರುವಾಗ ಅದನ್ನು ಸುಡುವುದರ ಪ್ರಯೋಜನವಾದರೂ ಏನು? ಸೋಮಾರಿತನದ ಹೊರತು ಬೇರೇನೂ ಕಾಣದು. ಪ್ರಮಾದವೆಂಬ ಮಾತಿನ ಅರ್ಥವೂ ಅದೇ ಅಲ್ಲವೇ.

ವಿನೋದಕ್ಕಾಗಿ ಹಚ್ಚುವ ಬೆಂಕಿಯ ವಿಷಯದಲ್ಲಿ ತೀರ್ಮಾನ ಇನ್ನೂ ಸುಲಭ. ತೋಟದ ಮನೆಯಲ್ಲಿ ಹೊಸ ವರ್ಷದ ರಾತ್ರಿ ಸೌದೆಯೊಟ್ಟಿ ಸುತ್ತ ಕುಳಿತು ಹಾಡುವುದು ಈಚಿನ ಯುವಕರಿಗೆ ಪ್ರಿಯವಾಗಿದೆ. ಅದು ಚಳಿಯಿಂದ ನಡುಗುವ ಮುದುಕನ ಅಗ್ಗಿಷ್ಟಿಕೆಯಲ್ಲ. ಕಾಮದಹನದ ಪ್ರಸಂಗ ಮಾತ್ರ ಸೂಕ್ಷ್ಮವಾದುದು. ಫಾಲ್ಗುಣ ಶುದ್ಧ ಅಷ್ಟಮಿಯಿಂದ ಹುಣ್ಣಿಮೆಯವರೆಗೆ ಅಷ್ಟಾಹ್ನಿಕ ಪರ್ವ. ನಂದೀಶ್ವರ ವ್ರತದವರು ಉಪವಾಸವಿರುವ ಆ ದಿನಗಳಲ್ಲಿಯೇ ಓಣಿಯ ಹುಡುಗರು ಕಟ್ಟಿಗೆ ಕುಳ್ಳುಗಳಿಗಾಗಿ ಬಾಗಿಲಿಗೆ ಬರುತ್ತಾರೆ. (ಕೊಡದಿದ್ದರೆ ಕದ್ದೊಯ್ಯುವ ಹಕ್ಕೂ ಅವರಿಗುಂಟೆಂಬುದು ಊರಿನ ವಾಡಿಕೆ.) ನೆರೆಯವರ ಹಬ್ಬವನ್ನು ಹಳಿಯುವುದು ಶ್ರಾವಕನ ಕೆಲಸವಲ್ಲ. ಹೋಳಿಗೆಗೆಂದು ಬೇಳೆ ಬೆಲ್ಲಗಳನ್ನು ಸಂತೋಷದಿಂದ ಕೊಡಲಿ. ಕಟ್ಟಿಗೆಯನ್ನು ಕೊಡುವುದು ಹಿಂಸಾದಾನಕ್ಕೆ ಸೇರುವುದರಿಂದ, ದಾಕ್ಷಿಣ್ಯಕ್ಕೆ ಒಳಗಾಗದೆ ನಗುತ್ತಲೇ ಇಲ್ಲವೆನ್ನುವುದು ಲೇಸು.

ನಿಜವಾದ ಕಷ್ಟವಿರುವುದು ಗದ್ದೆಯಲ್ಲಿ. ತುಂಗಭದ್ರೆಯ ಕಾಲುವೆಗಳು ಬಂದ ಮೇಲೆ ಸಿರುಗುಪ್ಪ, ಕುರುಗೋಡು ಸೀಮೆಗಳ ಕಪ್ಪುನೆಲ ಭತ್ತದ ಕಣಜವಾಯಿತು. ಕೈಯಿಂದ ಕೊಯ್ಯುತ್ತಿದ್ದಾಗ ಹುಲ್ಲು ಬಣವೆಯಾಗಿ ದನಗಳ ಪಾಲಾಗುತ್ತಿತ್ತು. ಕೊಯ್ಲಿನ ಯಂತ್ರವು ಹುಲ್ಲನ್ನು ಗದ್ದೆಯ ತುಂಬ ಚೆಲ್ಲಿ, ಎತ್ತರದ ಕೂಳೆಯನ್ನು ನಿಲ್ಲಿಸಿ ಹೋಗುತ್ತದೆ. ಕಾಲುವೆಯಲ್ಲಿ ಎರಡನೆಯ ಬೆಳೆಗೆ ನೀರು ದೊರೆವ ವರ್ಷ ರೈತನಿಗೆ ಗದ್ದೆಯನ್ನು ಹಸನು ಮಾಡಲು ದೊರೆಯುವ ದಿನಗಳು ಕೆಲವೇ, ಹುಲ್ಲನ್ನು ಆಯಿಸುವ ಕೂಲಿ ದುಬಾರಿ, ಬೆಂಕಿಗೆ ಕೂಲಿಯಿಲ್ಲ. ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು ಐದೂವರೆ ಕಿಲೋ ಸಾರಜನಕವೂ 25 ಕಿಲೋ ಪೊಟ್ಯಾಷ್ ಸತ್ವವೂ ಇರುತ್ತವೆಂದು ಕೃಷಿವಿಜ್ಞಾನಿಗಳು ಲೆಕ್ಕವಿಟ್ಟಿದ್ದಾರೆ. ಸುಟ್ಟಾಗ ಸಾರಜನಕವು ಬಹುತೇಕ ಹೊಗೆಯೊಡನೆ ಹೋಗುತ್ತದೆ. ನೆಲದ ಮೇಲ್ಪದರದಲ್ಲಿ ವಾಸಿಸುವ ಅಸಂಖ್ಯ ಜೀವಿಗಳು ಸಾಯುತ್ತವೆ. 2015ರಲ್ಲಿ ಹಸಿರು ನ್ಯಾಯಮಂಡಳಿಯು ಕೂಳೆ ಸುಡುವವರಿಗೆ ಹಿಡುವಳಿಗನುಸಾರ 2,500ರಿಂದ 15,000 ರೂಪಾಯಿಗಳವರೆಗೆ ದಂಡವನ್ನು ಗೊತ್ತುಮಾಡಿದ್ದು ದೆಹಲಿಯ ಸುತ್ತಣ ಉತ್ತರದ ರಾಜ್ಯಗಳಿಗಾಗಿ. ತುಂಗಭದ್ರೆಯ ಬಯಲು ಅದರ ಕಣ್ಣಿಗೆ ಬಿದ್ದಿರಲಿಲ್ಲ.

ಈ ಬೆಂಕಿಯನ್ನು ಅನರ್ಥದಂಡವೆನ್ನಬಹುದೇ? ಒಮ್ಮೆಗೇ ಹೌದೆನ್ನುವುದು ಅನ್ಯಾಯ. ರೈತನಿಗೆ ಪ್ರಯೋಜನವಿದೆ, ಅವನದು ಉದ್ಯೋಗೀ ಹಿಂಸೆ. ಆದರೆ ಪಂಡಿತ ಆಶಾಧರನು 13ನೆಯ ಶತಮಾನದಲ್ಲಿ ಸಾಗಾರಧರ್ಮಾಮೃತದಲ್ಲಿ ಹದಿನೈದು ಖರಕರ್ಮಗಳನ್ನು ಎಣಿಸುವಾಗ ‘ದವಪ್ರದ’ವನ್ನು, ಅಂದರೆ ಹುಲ್ಲು ಮುಂತಾದವಕ್ಕೆ ಬೆಂಕಿಯಿಕ್ಕುವುದನ್ನು, ಹೆಸರಿಸಿದ್ದಾನೆ. ಎಣಿಸಿದ ಮೇಲೆ, ಲೋಕದಲ್ಲಿ ಪಾಪಕರ್ಮಗಳು ಅಗಣಿತವಾಗಿರುವುದರಿಂದ ಇಂಥ ಪಟ್ಟಿ ಸಾಲದೆಂದೂ ಹೇಳುತ್ತಾನೆ. ಪಟ್ಟಿಯಲ್ಲಿಲ್ಲದ್ದೆಲ್ಲ ನಿರ್ದೋಷವೆಂದು ತಿಳಿಯುವ ಬುದ್ಧಿಯನ್ನು ಅವನು ಚೆನ್ನಾಗಿ ಬಲ್ಲವನಾಗಿದ್ದಿರಬೇಕು.

ಪ್ರಯೋಜನವೆಂಬುದು ಸ್ಥಿರವಾದುದಲ್ಲ. ಹುಲ್ಲನ್ನು ಸುರುಳಿ ಕಟ್ಟುವ ಯಂತ್ರ ಬಾಡಿಗೆಗೆ ಸಿಗುವ ಊರಿನಲ್ಲಿ, ಬೇಸಿಗೆಗೆ ಮೇವು ಹುಡುಕುವ ಮಳೆಯಾಶ್ರಿತ ಹಳ್ಳಿಗಳು ಹತ್ತಿರವೇ ಇರುವಲ್ಲಿ, ನಿನ್ನೆಯ ಅನಿವಾರ್ಯವು ಇಂದು ಅಭ್ಯಾಸವಾಗಿ ಉಳಿದಿರುವ ಸಂಭವವುಂಟು. ಆಗ ಅದು ಅನರ್ಥದ ಕಡೆಗೆ ಸರಿಯುತ್ತದೆ. ಇಲ್ಲಿ ವಿಚಾರಣೆಗೆ ಮೊದಲು ನಿಲ್ಲಬೇಕಾದವನು ಕಡ್ಡಿ ಗೀರಿದ ಗೇಣಿದಾರನಲ್ಲ. ನಗರದಲ್ಲಿ ಕುಳಿತು ನೆಲವನ್ನು ಗುತ್ತಿಗೆಗೆ ಕೊಟ್ಟವನು. ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳಿಂದ ಕರ್ಮಾಸ್ರವವಾಗುವುದೆಂದು ಪ್ರವಚನದಲ್ಲಿ ಕೇಳಿದವನು ಅವನೇ. ಚತುರ್ದಶಿಯಂದು ನೀರನ್ನೂ ಮುಟ್ಟದೆ ಸ್ವಾಧ್ಯಾಯಕ್ಕೆ ಕುಳಿತಿರುವಾಗ ಅವನ ಹತ್ತು ಎಕರೆ ಉರಿಯುತ್ತಿದ್ದು, ಅದು ಅವನಿಗೆ ಮುನ್ನವೇ ತಿಳಿದಿದ್ದರೆ, ಮೌನವನ್ನು ಅನುಮೋದನೆಯಲ್ಲದೆ ಬೇರೇನೆಂದು ಕರೆಯುವುದು? ಗುತ್ತಿಗೆಯ ಹಣವನ್ನು ಬಿಗಿಯಾಗಿ ಕಟ್ಟಿ, ಹುಲ್ಲು ತೆಗೆಯುವ ಖರ್ಚನ್ನೂ ಗೇಣಿದಾರನ ತಲೆಗೇ ಹೊರಿಸಿದ್ದರೆ ಅದು ಕಾರಿತವೇ ಆಯಿತು. ಯಂತ್ರದ ಬಾಡಿಗೆಯಲ್ಲಿ ಅರ್ಧವನ್ನು ತಾನು ಕೊಡುವೆನೆಂದೂ, ಗದ್ದೆಗೆ ಬೆಂಕಿಯಿಡಬಾರದೆಂದೂ ಗುತ್ತಿಗೆಯ ಕರಾರಿನಲ್ಲಿ ಎರಡು ಸಾಲು ಬರೆಯಿಸಲು ಅವನಿಗೆ ಅಡ್ಡಿಯೇನೂ ಇಲ್ಲ. ಆ ವರ್ಷದ ಆದಾಯದಲ್ಲಿ ಸ್ವಲ್ಪ ಕಡಿಮೆಯಾಗುವುದೊಂದನ್ನು ಬಿಟ್ಟರೆ.